ಕಂಪನಿ ಟರ್ಬೊ ಕಾರಿಗೆ ದೊಡ್ಡ ಇಂಟರ್‌ಕೂಲರ್ ಬೇಕೇ? ಕರಾವಳಿ ಮತ್ತು ಘಟ್ಟದ ಲೆಕ್ಕ

ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಆ ಒತ್ತಿದ ಬಿಸಿಗಾಳಿಯನ್ನು ತಣಿಸುವುದು ಇಂಟರ್‌ಕೂಲರ್. ಉಳಿದೆಲ್ಲವೂ ಕಂಪನಿಯಿಂದ ಬಂದಂತೆಯೇ ಇರುವ ಟರ್ಬೊ ಕಾರಿಗೆ ಇಂಟರ್‌ಕೂಲರ್ ಒಂದನ್ನು ಮಾತ್ರ ದೊಡ್ಡದು ಹಾಕಿಸಿದರೆ ಪಿಕಪ್ ಹೆಚ್ಚುತ್ತದೆಯೇ? ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪೆಟ್ರೋಲ್ ಕಾರಿನಲ್ಲಿ ಸ್ವಲ್ಪ ಹೆಚ್ಚೀತು, ಅದೂ ಬಿರುಬಿಸಿಲಿನಲ್ಲಿ ಎಂಜಿನ್ ಕಾದಿರುವಾಗ. ಡೀಸೆಲ್ ಕಾರಿನಲ್ಲಿ ಕಾಲಿಗೆ ತಿಳಿಯುವಷ್ಟು ಏನೂ ಸಿಗದು. ಇಂಟರ್‌ಕೂಲರ್‌ನ ಕೆಲಸ ಇರುವ ಶಕ್ತಿ ಬಿಸಿಗೆ ಸೋರಿಹೋಗದಂತೆ ನೋಡಿಕೊಳ್ಳುವುದು. ಎಷ್ಟು ಸೋರುತ್ತಿದೆ ಎಂದು ಅಳೆಯದೆ ಹೊಸದು ಕೊಂಡರೆ ದುಡ್ಡು ಹೋಗುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಳೆಗಾಲದಲ್ಲಿ ಅದರಿಂದ ಹೊಸ ತೊಂದರೆ ಬರುವ ಸಾಧ್ಯತೆಯೂ ಇದೆ.

ಮೊದಲು ಬಿಸಿ ಎಷ್ಟು ಎಂದು ನೋಡೋಣ. ಕುಮಟಾದಲ್ಲಿ ಏಪ್ರಿಲ್ ಮಧ್ಯಾಹ್ನ, ಹೊರಗಿನ ಗಾಳಿ 33 ಡಿಗ್ರಿ. ಟರ್ಬೊ 1 ಬಾರ್ ಬೂಸ್ಟ್ ಕೊಡುತ್ತಿದೆ, ಅಂದರೆ ಹೊರಗಿನ ಒತ್ತಡದ ಎರಡು ಪಟ್ಟಿಗೆ ಗಾಳಿಯನ್ನು ಒತ್ತುತ್ತಿದೆ. ಒತ್ತಿದ ಗಾಳಿ ಬಿಸಿಯಾಗುವುದು ನಿಸರ್ಗದ ನಿಯಮ. ಟರ್ಬೊದಲ್ಲಿ ಗಾಳಿ ಒತ್ತುವ ಕಂಪ್ರೆಸರ್ ಪೂರ್ತಿ ದಕ್ಷವಲ್ಲದ ಕಾರಣ ಇನ್ನಷ್ಟು ಬಿಸಿ ಸೇರುತ್ತದೆ. ದಕ್ಷತೆ ಶೇ. 70 ಎಂದು ಹಿಡಿದರೆ ಟರ್ಬೊದಿಂದ ಹೊರಬೀಳುವ ಗಾಳಿ ಸುಮಾರು 129 ಡಿಗ್ರಿ ಇರುತ್ತದೆ. ಈ ಗಾಳಿಯನ್ನು ಹಾಗೆಯೇ ಸಿಲಿಂಡರಿಗೆ ಬಿಟ್ಟರೆ ಪೆಟ್ರೋಲ್ ಎಂಜಿನ್ ನಾಕ್ ಹೊಡೆಯುತ್ತದೆ, ಅಂದರೆ ಇಂಧನ ತಾನಾಗಿಯೇ ಹೊತ್ತಿಕೊಂಡು ಎಂಜಿನ್ ಬಡಿಯುತ್ತದೆ. ಅದಕ್ಕೇ ನಡುವೆ ಇಂಟರ್‌ಕೂಲರ್.

ಇಂಟರ್‌ಕೂಲರ್ ಎಷ್ಟು ಚೆನ್ನಾಗಿದ್ದರೂ ಗಾಳಿಯನ್ನು ಹೊರಗಿನ ಉಷ್ಣಾಂಶಕ್ಕಿಂತ ಕೆಳಗೆ ಇಳಿಸಲಾರದು. 129ರಿಂದ 33ರವರೆಗಿನ 96 ಡಿಗ್ರಿಯಲ್ಲಿ ಎಷ್ಟು ಪಾಲನ್ನು ಕಳೆಯುತ್ತದೆ ಎಂಬುದೇ ಅದರ ಸಾಮರ್ಥ್ಯ. ಕಂಪನಿಯದು ಶೇ. 70ರಷ್ಟು ಕಳೆದರೆ ಎಂಜಿನ್ನಿಗೆ ಸೇರುವ ಗಾಳಿ 62 ಡಿಗ್ರಿ. ಶೇ. 85ರಷ್ಟು ಕಳೆಯುವ ಒಳ್ಳೆಯ ಇಂಟರ್‌ಕೂಲರ್ ಹಾಕಿದರೆ 47 ಡಿಗ್ರಿ. ಹದಿನೈದು ಡಿಗ್ರಿ ಕಡಿಮೆ ಎಂದರೆ ದೊಡ್ಡದಾಗಿ ಕೇಳುತ್ತದೆ. ಆದರೆ ಗಾಳಿಯ ಸಾಂದ್ರತೆ ನಿರಪೇಕ್ಷ ಉಷ್ಣಾಂಶವನ್ನು ಅನುಸರಿಸುತ್ತದೆ: 335 ಕೆಲ್ವಿನ್‌ನಿಂದ 320 ಕೆಲ್ವಿನ್. ಹೆಚ್ಚು ಸಿಗುವ ಗಾಳಿ ಶೇ. 4.7. 120 ಪಿಎಸ್ (ಅಶ್ವಶಕ್ತಿ) ಕಾರಿನಲ್ಲಿ ಕಾಗದದ ಮೇಲೆ 5ರಿಂದ 6 ಪಿಎಸ್. ಎಸಿ ಕಂಪ್ರೆಸರ್ ಜೋರಾಗಿ ಓಡುವಾಗ ಎಂಜಿನ್ನಿನಿಂದ ಎಳೆದುಕೊಳ್ಳುವುದೂ ಹೆಚ್ಚುಕಡಿಮೆ ಇಷ್ಟೇ. ಎಸಿ ಆಫ್ ಮಾಡಿ ಓಡಿಸಿದಾಗ ಸಿಗುವ ವ್ಯತ್ಯಾಸ ಹೇಗಿರುತ್ತದೆ ಎಂದು ಗೊತ್ತಿದ್ದವರಿಗೆ ಈ ಅಂಕಿಯ ಗಾತ್ರ ಅರ್ಥವಾಗುತ್ತದೆ.

ಇದು ಪೂರ್ತಿ ಕಾಲೊತ್ತಿದಾಗಿನ ಲೆಕ್ಕ, ಮತ್ತು ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಒಪ್ಪಿದರೆ ಮಾತ್ರ.

ಇಸಿಯು ಒಪ್ಪುತ್ತದೆಯೇ?

ಇಂಟರ್‌ಕೂಲರ್ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗ ಇದು. ಈಗಿನ ಟರ್ಬೊ ಪೆಟ್ರೋಲ್ ಕಾರಿನ ಇಸಿಯು ಇಂತಿಷ್ಟು ಟಾರ್ಕ್ (ತಿರುಗಿಸುವ ಬಲ) ಕೊಡಬೇಕು ಎಂದು ಗುರಿ ಇಟ್ಟುಕೊಂಡು, ಆ ಟಾರ್ಕಿಗೆ ಬೇಕಾದ ಗಾಳಿಯ ತೂಕವನ್ನು ಲೆಕ್ಕ ಹಾಕಿ, ಅಷ್ಟು ಗಾಳಿ ಬರುವ ಹಾಗೆ ಟರ್ಬೊದ ಬೂಸ್ಟ್ ನಿಯಂತ್ರಿಸುವ ವೇಸ್ಟ್‌ಗೇಟನ್ನು ತೆರೆದು ಮುಚ್ಚಿ ಮಾಡುತ್ತದೆ. ಗೇರ್‌ಬಾಕ್ಸ್, ಕ್ಲಚ್‌ಗಳನ್ನು ಉಳಿಸಲು ಟಾರ್ಕಿಗೆ ಮೇಲ್ಮಿತಿಯೂ ಇರುತ್ತದೆ. ತಂಪಾದ, ದಟ್ಟವಾದ ಗಾಳಿ ಬಂದಾಗ ಇಸಿಯು ಬೂಸ್ಟನ್ನು ಅಷ್ಟು ಇಳಿಸಿ ಮೊದಲಿನಷ್ಟೇ ಗಾಳಿಯನ್ನು ಒಳಗೆ ಬಿಡುತ್ತದೆ. ಶೇ. 4.7 ಹೆಚ್ಚು ಗಾಳಿ ಎಂಬ ಲೆಕ್ಕ ಅಲ್ಲಿಗೇ ಕರಗಿತು. ಟರ್ಬೊಗೆ ಕೆಲಸ ಕಡಿಮೆಯಾಗುತ್ತದೆ. ಅದು ಒಳ್ಳೆಯದೇ, ಆದರೆ ಪಿಕಪ್ ಅಲ್ಲ.

ಹಾಗಿದ್ದರೆ ಲಾಭ ಎಲ್ಲಿದೆ? ಇಗ್ನಿಷನ್ ಟೈಮಿಂಗ್‌ನಲ್ಲಿ, ಅಂದರೆ ಕಿಡಿ ಹಚ್ಚುವ ಗಳಿಗೆಯಲ್ಲಿ. ಒಳಬರುವ ಗಾಳಿ ಒಂದು ಮಟ್ಟ ದಾಟಿ ಬಿಸಿಯಾದಾಗ (ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ, ಸಾಮಾನ್ಯವಾಗಿ 40–50 ಡಿಗ್ರಿಯ ಮೇಲೆ) ನಾಕ್ ತಪ್ಪಿಸಲು ಇಸಿಯು ಕಿಡಿಯನ್ನು ತಡವಾಗಿ ಹಚ್ಚತೊಡಗುತ್ತದೆ. ಬಿಸಿ ಏರಿದಷ್ಟೂ ಇನ್ನೂ ತಡ. ಕಿಡಿ ತಡವಾದರೆ ಅದೇ ಗಾಳಿ, ಅದೇ ಪೆಟ್ರೋಲಿನಿಂದ ಕಡಿಮೆ ಟಾರ್ಕ್ ಬರುತ್ತದೆ, ಸೈಲೆನ್ಸರ್ ಕಡೆಗೆ ಹೆಚ್ಚು ಬಿಸಿ ಹೋಗುತ್ತದೆ. ಕಂಪನಿ ಹೇಳಿದ 120 ಪಿಎಸ್ ಇಂಥ ಹೊತ್ತಿನಲ್ಲಿ 110ರ ಆಸುಪಾಸಿಗೆ ಇಳಿದಿರಬಹುದು. ದೊಡ್ಡ ಇಂಟರ್‌ಕೂಲರ್ ಆ 110ನ್ನು ಮತ್ತೆ 120ರ ಹತ್ತಿರ ತರುತ್ತದೆ. ಮೊದಲ ಸಲ ಕಾಲೊತ್ತಿದಾಗ ವ್ಯತ್ಯಾಸ ಕಾಣದು. ಬೆನ್ನುಬೆನ್ನಿಗೆ ಮೂರನೆಯ, ನಾಲ್ಕನೆಯ ಓವರ್‌ಟೇಕಿನಲ್ಲಿ ಕಾಣುತ್ತದೆ. ಹೀಗಾಗಿ, ತಂಪು ಕಾರಿನ ಮೇಲೆ ಒಂದೇ ಓಟ ಓಡಿಸಿ ‘ಏನೂ ಬದಲಾಗಲಿಲ್ಲ’ ಎನ್ನುವವರೂ ಬಿಸಿಲಿನಲ್ಲಿ ಓಡಿಸಿ ‘ತುಂಬಾ ಬದಲಾಯಿತು’ ಎನ್ನುವವರೂ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

ಈಗ ಬಂಕ್‌ನಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಈ ಲಾಭವನ್ನೂ ಸ್ವಲ್ಪ ಕುಗ್ಗಿಸುತ್ತದೆ. ಎಥನಾಲ್ ನಾಕ್‌ಗೆ ಸುಲಭವಾಗಿ ಬಗ್ಗುವುದಿಲ್ಲ, ಆವಿಯಾಗುವಾಗ ಹೆಚ್ಚು ಬಿಸಿ ಹೀರುತ್ತದೆ. ಸಿಲಿಂಡರಿನೊಳಗೇ ಇಂಧನ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಆ ತಂಪು ಅಲ್ಲೇ ಕೆಲಸಕ್ಕೆ ಬರುತ್ತದೆ.

ಡೀಸೆಲ್ ಕಥೆ ಚಿಕ್ಕದು. ಅಲ್ಲಿ ಕಿಡಿ ಇಲ್ಲ, ಆ ಬಗೆಯ ನಾಕ್ ಇಲ್ಲ. ಶಕ್ತಿಯನ್ನು ನಿರ್ಧರಿಸುವುದು ಎಷ್ಟು ಡೀಸೆಲ್ ಚಿಮ್ಮಿಸಬೇಕು ಎಂಬ ಇಸಿಯು ಲೆಕ್ಕ. ಗಾಳಿ ಹೆಚ್ಚು ಬಂತೆಂದು ಅದು ತನ್ನ ಮಿತಿ ಮೀರಿ ಡೀಸೆಲ್ ಸುರಿಯುವುದಿಲ್ಲ. ಸೈಲೆನ್ಸರಿನ ಬಿಸಿ ಸ್ವಲ್ಪ ಇಳಿದೀತು, ಮಸಿ ಕಡಿಮೆಯಾದೀತು. ರೀಮ್ಯಾಪ್ (ಇಸಿಯು ಒಳಗಿನ ಲೆಕ್ಕಗಳ ಬದಲಾವಣೆ) ಮಾಡಿಸದ ಡೀಸೆಲ್ ಕಾರಿಗೆ ದೊಡ್ಡ ಇಂಟರ್‌ಕೂಲರ್ ಹಾಕಿಸುವ ಅಗತ್ಯವೇ ಇಲ್ಲ.

ದೇವಿಮನೆ ಘಟ್ಟ ಎಷ್ಟು ಶಕ್ತಿ ಕೇಳುತ್ತದೆ?

‘ನಮ್ಮದು ಘಟ್ಟದ ಊರು, ನಮಗೆ ಬೇಕೇ ಬೇಕು’ ಎಂಬ ವಾದವನ್ನು ಅಂಕಿಯಲ್ಲೇ ನೋಡಬೇಕು. ಜನ, ಸಾಮಾನು ಸೇರಿ 1,600 ಕಿಲೋ ತೂಗುವ ಕಾರು ಶೇ. 6ರ ಏರಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎನ್ನಿ. ತೂಕ ಎತ್ತಲು ಸುಮಾರು 10.5 ಕಿಲೋವ್ಯಾಟ್, ಚಕ್ರಗಳ ಉರುಳುವಿಕೆಗೆ ಎರಡೂವರೆ, ಗಾಳಿ ಸೀಳಲು ಅರ್ಧದ ಆಸುಪಾಸು. ಎಲ್ಲ ಸೇರಿ 13.5 ಕಿಲೋವ್ಯಾಟ್, ಅಂದರೆ 18 ಪಿಎಸ್. ತಿರುವಿನಲ್ಲಿ ಏರು ಶೇ. 10 ಆಗಿ ವೇಗ 30ಕ್ಕೆ ಇಳಿದರೂ ಬೇಕಾಗುವುದು ಸುಮಾರು 21 ಪಿಎಸ್. 120 ಪಿಎಸ್ ಕಾರು ದೇವಿಮನೆಯನ್ನಾಗಲಿ ಅರಬೈಲ್ ಘಟ್ಟವನ್ನಾಗಲಿ ಏರುವಾಗ ಬಹುಪಾಲು ಹೊತ್ತು ತನ್ನ ಶಕ್ತಿಯ ಆರನೆಯ ಒಂದು ಭಾಗದಲ್ಲೇ ಇರುತ್ತದೆ. ಇಷ್ಟಕ್ಕೆ ಕಂಪನಿಯ ಇಂಟರ್‌ಕೂಲರ್ ಧಾರಾಳ ಸಾಕು.

ಕಷ್ಟ ಬರುವುದು ಬೇರೆ ಕಡೆ. ಲಾರಿಯ ಹಿಂದೆ ಎರಡನೆಯ ಗೇರಿನಲ್ಲಿ ಹತ್ತು ನಿಮಿಷ ತೆವಳುವಾಗ ಎದುರಿನಿಂದ ಗಾಳಿ ಬೀಸುವುದಿಲ್ಲ, ಬಾನೆಟ್ ಒಳಗಿನ ಬಿಸಿ ಪೈಪುಗಳಿಗೂ ಇಂಟರ್‌ಕೂಲರ್ ಮೈಗೂ ಏರುತ್ತದೆ. ರಸ್ತೆ ತೆರವಾದ ತಕ್ಷಣ ಕಾಲೊತ್ತಿದರೆ ಮೊದಲ ಕೆಲವು ಸೆಕೆಂಡು ಎಂಜಿನ್ ಮಂಕಾಗಿರುತ್ತದೆ. ದೊಡ್ಡ ಇಂಟರ್‌ಕೂಲರ್ ಹಾಕಿದರೂ ಹೀಗೆ ಬಿಸಿಯೇರುವುದು ತಪ್ಪುವುದಿಲ್ಲ. ಲೋಹ ಹೆಚ್ಚಿರುವುದರಿಂದ ಕಾಯಲು ತಡವಾಗುತ್ತದೆ, ಕಾದ ಮೇಲೆ ತಣಿಯಲೂ ತಡವಾಗುತ್ತದೆ.

ಇನ್ನೂ ಮುಖ್ಯವಾದದ್ದು, ಅದು ಕೂರುವ ಜಾಗ. ಮುಂದೆ ಬಂಪರ್ ಹಿಂದೆ ಕೂತ ಇಂಟರ್‌ಕೂಲರ್‌ಗೆ ತಾಗಿದ ಗಾಳಿಯೇ ಆಮೇಲೆ ಎಸಿ ಕಂಡೆನ್ಸರ್, ರೇಡಿಯೇಟರ್‌ಗಳಿಗೆ ಹೋಗಬೇಕು. ಮೇಲಿನ ಲೆಕ್ಕದ ಕಾರು ಪೂರ್ತಿ ಶಕ್ತಿಯಲ್ಲಿ ಸೆಕೆಂಡಿಗೆ ಸುಮಾರು 90 ಗ್ರಾಂ ಗಾಳಿ ಎಳೆಯುತ್ತದೆ. ಕಂಪನಿಯ ಇಂಟರ್‌ಕೂಲರ್ ಆಗ ಹೊರಹಾಕುವ ಬಿಸಿ 6 ಕಿಲೋವ್ಯಾಟ್, ಅಂದರೆ ಬಚ್ಚಲುಮನೆಯ ಎರಡು ಗೀಸರ್ ಒಟ್ಟಿಗೆ ಉರಿದಷ್ಟು. ದೊಡ್ಡದು 7.4 ಕಿಲೋವ್ಯಾಟ್ ಹೊರಹಾಕುತ್ತದೆ, ಜೊತೆಗೆ ದಪ್ಪ ಮೈಯಿಂದ ಹಿಂದಿನವುಗಳ ಗಾಳಿಯನ್ನೂ ಅಡ್ಡಗಟ್ಟುತ್ತದೆ. ಪರಿಣಾಮ ಏಪ್ರಿಲ್‌ನಲ್ಲಿ ಘಟ್ಟ ಹತ್ತುವಾಗ ತಿಳಿಯುತ್ತದೆ: ಎಸಿ ತಂಪು ಕಡಿಮೆ, ರೇಡಿಯೇಟರ್ ಫ್ಯಾನ್ ನಿಲ್ಲದೆ ಓಡುವುದು, ಕೂಲಂಟ್ ಉಷ್ಣಾಂಶ ಮೊದಲಿಗಿಂತ ಮೇಲೆ ನಿಲ್ಲುವುದು. ಕೂಲಂಟ್ ಬಿಸಿಯಾದರೂ ಇಸಿಯು ಟೈಮಿಂಗ್ ಹಿಂದೆ ಎಳೆಯುತ್ತದೆ. ಒಂದು ಕೈಯಲ್ಲಿ ಕೊಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತಾಯಿತು.

ಘಟ್ಟದ ಮೇಲಿನವರಿಗೆ ಒಂದು ಮಾತು. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಾರವಾರಕ್ಕಿಂತ ಶೇ. 7ರಷ್ಟು ಕಡಿಮೆ. ಅದೇ ಬೂಸ್ಟ್ ತಲುಪಲು ಟರ್ಬೊ ಹೆಚ್ಚು ಒತ್ತಬೇಕು, ಹೆಚ್ಚು ಬಿಸಿ ಮಾಡುತ್ತದೆ. ಆದರೆ ಮೇಲೆ ಹವೆಯೇ ನಾಲ್ಕೈದು ಡಿಗ್ರಿ ತಂಪು. ಎರಡೂ ಸರಿಹೋಗಿ ಎಂಜಿನ್ನಿಗೆ ಸೇರುವ ಗಾಳಿ ಕುಮಟಾದಲ್ಲೂ ಶಿರಸಿಯಲ್ಲೂ 60 ಡಿಗ್ರಿಯ ಆಚೀಚೆ ಇರುತ್ತದೆ.

ತೇವ: ಕರಾವಳಿಯ ನಿಜವಾದ ವಿಷಯ

ಏಪ್ರಿಲ್‌ನ 33 ಡಿಗ್ರಿಯಲ್ಲಿ ತೇವಾಂಶ ಶೇ. 75 ಇದ್ದರೆ ಗಾಳಿಯ ಶೇ. 3.7 ಭಾಗ ನೀರಾವಿ. ಆ ಜಾಗದಲ್ಲಿ ಆಮ್ಲಜನಕವಿಲ್ಲ. ದೊಡ್ಡ ಇಂಟರ್‌ಕೂಲರ್ ಕಾಗದದ ಮೇಲೆ ಕೊಡುವ ಶೇ. 4.7ಕ್ಕೂ ಸೆಕೆ ಕಿತ್ತುಕೊಳ್ಳುವ ಇದಕ್ಕೂ ಅಂತರ ಹೆಚ್ಚಿಲ್ಲ. ಅಂಕೋಲಾದಿಂದ ಹೊರಟು ಯಲ್ಲಾಪುರ ದಾಟಿ ಹುಬ್ಬಳ್ಳಿಯ ಒಣಹವೆಗೆ ಹೋದಾಗ ಕಾರು ಹಗುರವಾಗಿ ಓಡಿದಂತೆ ಅನ್ನಿಸಿದರೆ ಇದೂ ಒಂದು ಕಾರಣವಿರಬಹುದು. ನೀರಾವಿಗೆ ಒಂದು ಒಳ್ಳೆಯ ಗುಣವೂ ಇದೆ: ಅದು ನಾಕ್‌ನ ಪ್ರವೃತ್ತಿಯನ್ನು ತಗ್ಗಿಸುತ್ತದೆ. ಹಾಗಾಗಿ ಬಿಸಿಗಾಳಿ ಒಣಹವೆಯಲ್ಲಿ ಮಾಡುವಷ್ಟು ಕಾಟವನ್ನು ಕರಾವಳಿಯಲ್ಲಿ ಮಾಡುವುದಿಲ್ಲ.

ಈಗ ಜುಲೈಗೆ ಬನ್ನಿ. ಹೊರಗೆ 26 ಡಿಗ್ರಿ, ತೇವಾಂಶ ಶೇ. 95, ಎಡೆಬಿಡದ ಮಳೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊನ್ನಾವರದಿಂದ ಕಾರವಾರದ ಕಡೆಗೆ ಒಂದೇ ವೇಗದಲ್ಲಿ ಹೋಗುತ್ತಿದ್ದೀರಿ, ಬೂಸ್ಟ್ ಅರ್ಧ ಬಾರ್. ಟರ್ಬೊ ಗಾಳಿಯನ್ನು ಒಂದೂವರೆ ಪಟ್ಟು ಒತ್ತಿದಾಗ ಅದರೊಳಗಿನ ನೀರಾವಿಯ ಒತ್ತಡವೂ ಒಂದೂವರೆ ಪಟ್ಟಾಗುತ್ತದೆ. ಆಗ 32 ಡಿಗ್ರಿಗಿಂತ ಕೆಳಗೆ ಇಳಿದರೆ ಆ ಆವಿ ನೀರಾಗಿ ಕೂರುತ್ತದೆ. ಗಾಳಿಯ ಹರಿವು ಕಡಿಮೆ ಇರುವಾಗ ದೊಡ್ಡ ಇಂಟರ್‌ಕೂಲರ್ ತನ್ನ ಕೆಲಸವನ್ನು ಶೇ. 95ರವರೆಗೂ ಮಾಡಬಲ್ಲದು. 78 ಡಿಗ್ರಿಯ ಗಾಳಿ 29ಕ್ಕೆ ಇಳಿಯುತ್ತದೆ. ನೀರು ಹನಿಹನಿಯಾಗಿ ಇಂಟರ್‌ಕೂಲರ್‌ನ ತಳದಲ್ಲಿ ಸೇರುತ್ತ ಹೋಗುತ್ತದೆ. ಮುಂದೆ ಟ್ಯಾಂಕರ್ ದಾಟಲು ಒಮ್ಮೆಲೇ ಕಾಲೊತ್ತಿದರೆ ಜೋರುಗಾಳಿ ಆ ನೀರನ್ನು ಎತ್ತಿಕೊಂಡು ಎಂಜಿನ್ನಿಗೆ ತಳ್ಳುತ್ತದೆ. ಎಂಜಿನ್ ಜರ್ಕ್ ಹೊಡೆದು ಮಿಸ್‌ಫೈರ್ ಆಗುತ್ತದೆ, ಚೆಕ್ ಎಂಜಿನ್ ದೀಪ ಮಿನುಗುತ್ತದೆ. ಅದೂ ಓವರ್‌ಟೇಕಿನ ನಡುವೆ.

ಇದು ಬರೀ ಊಹೆಯಲ್ಲ. ಅಮೆರಿಕದಲ್ಲಿ 2011ರಿಂದ ಬಂದ ಫೋರ್ಡ್ ಎಫ್-150 ಪಿಕಪ್‌ನ 3.5 ಲೀಟರ್ ಇಕೋಬೂಸ್ಟ್ ಎಂಜಿನ್ನಿನಲ್ಲಿ ಇದೇ ತೊಂದರೆ ಕಾಣಿಸಿಕೊಂಡಿತ್ತು. ತೇವದ ಹವೆಯಲ್ಲಿ ಇಂಟರ್‌ಕೂಲರ್ ಒಳಗೆ ನೀರು ಕೂತು ಕಾಲೊತ್ತಿದಾಗ ಶಕ್ತಿ ಕುಸಿಯುತ್ತಿತ್ತು. ಪರಿಹಾರದ ಭಾಗವಾಗಿ ಇಂಟರ್‌ಕೂಲರ್‌ಗೆ ತಾಗುವ ಗಾಳಿಯನ್ನು ಒಂದಿಷ್ಟು ತಡೆಯುವ ತಗಡನ್ನು ಕೂರಿಸಲಾಯಿತು. ಅಂದರೆ ಇಂಟರ್‌ಕೂಲರ್‌ನ ಸಾಮರ್ಥ್ಯವನ್ನು ಬೇಕೆಂದೇ ತಗ್ಗಿಸಲಾಯಿತು. ಕಂಪನಿಯವರು ಇಂಟರ್‌ಕೂಲರ್ ಚಿಕ್ಕದು ಕೊಟ್ಟಿದ್ದಾರೆ ಎಂದು ಬೈಯುವ ಮೊದಲು ಇದನ್ನು ನೆನಪಿಡಬೇಕು. ವರ್ಷದಲ್ಲಿ ನಾಲ್ಕು ತಿಂಗಳು ನೆನೆಯುವ ಜಿಲ್ಲೆಯಲ್ಲಿ ಅತಿ ದೊಡ್ಡ ಇಂಟರ್‌ಕೂಲರ್ ಗುಣವೇ ಆಗಿರಬೇಕೆಂದಿಲ್ಲ.

ಮೊದಲು ಅಳೆಯಿರಿ

ಬೇಕಾದದ್ದು ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್ ಒಬಿಡಿ ಅಡಾಪ್ಟರ್ (ಇಸಿಯು ಅಂಕಿಗಳನ್ನು ಓದುವ ಸಾಧನ) ಮತ್ತು ಮೊಬೈಲಿನಲ್ಲಿ ಅದಕ್ಕೊಂದು ಆ್ಯಪ್. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್ಟಿಗೆ ಸಿಕ್ಕಿಸಿ ಐದು ಅಂಕಿಗಳನ್ನು ದಾಖಲಿಸಿ: ಇನ್‌ಟೇಕ್ ಗಾಳಿಯ ಉಷ್ಣಾಂಶ, ಹೊರಗಿನ ಉಷ್ಣಾಂಶ, ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ, ಇಗ್ನಿಷನ್ ಟೈಮಿಂಗ್, ಕೂಲಂಟ್ ಉಷ್ಣಾಂಶ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಎಷ್ಟೋ ಕಾರುಗಳಲ್ಲಿ ‘ಇನ್‌ಟೇಕ್ ಗಾಳಿಯ ಉಷ್ಣಾಂಶ’ ಎಂದು ಆ್ಯಪ್ ತೋರಿಸುವುದು ಏರ್ ಫಿಲ್ಟರ್ ಪಕ್ಕದ ಸೆನ್ಸರಿನದು, ಟರ್ಬೊಗೆ ಹೋಗುವ ಮುಂಚಿನ ಗಾಳಿಯದು. ಅದನ್ನು ನೋಡಿ ಇಂಟರ್‌ಕೂಲರ್ ಬಗ್ಗೆ ಏನೂ ಹೇಳಲಾಗದು. ನಮಗೆ ಬೇಕಾದ್ದು ಇಂಟರ್‌ಕೂಲರ್ ದಾಟಿದ ಮೇಲಿನ, ಒತ್ತಡದ ಸೆನ್ಸರಿನ ಜೊತೆಗೇ ಇರುವ ಉಷ್ಣಾಂಶ. ಕೆಲವು ಆ್ಯಪ್‌ಗಳಲ್ಲಿ ಅದು ‘ಚಾರ್ಜ್ ಏರ್’ ಹೆಸರಿನಲ್ಲಿ ಬೇರೆಯೇ ಇರುತ್ತದೆ. ಪರೀಕ್ಷೆ ಸುಲಭ: ಕಾಲೊತ್ತಿದಾಗ ಐದಾರು ಸೆಕೆಂಡಿನಲ್ಲಿ ಅಂಕಿ ಏರಿದರೆ ಸರಿಯಾದ ಸೆನ್ಸರ್, ಅಲುಗಾಡದಿದ್ದರೆ ಫಿಲ್ಟರ್ ಪಕ್ಕದ್ದು.

ಮಧ್ಯಾಹ್ನದ ಬಿಸಿಲಿನಲ್ಲಿ, ಎಂಜಿನ್ ಪೂರ್ತಿ ಕಾದ ಮೇಲೆ, ಅಂಕೋಲಾ–ಕುಮಟಾ ನಡುವಿನ ಹೆದ್ದಾರಿಯಲ್ಲಿ ವಾಹನ ಇಲ್ಲದ ನೇರ ಜಾಗ ನೋಡಿ. ಮೂರನೆಯ ಗೇರಿನಲ್ಲಿ 1,800 ಆರ್‌ಪಿಎಂನಿಂದ 4,000ದವರೆಗೆ ಪೂರ್ತಿ ಕಾಲೊತ್ತಿ. ಒಂದು ನಿಮಿಷ ಬಿಟ್ಟು ಮತ್ತೆ. ಹೀಗೆ ಮೂರು ಸಲ. ವೇಗಮಿತಿ ಮುಟ್ಟುವ ಮೊದಲೇ ಕಾಲು ತೆಗೆಯಿರಿ. ಮೊಬೈಲ್ ನೋಡುವ ಕೆಲಸ ಪಕ್ಕದಲ್ಲಿ ಕೂತವರದು, ಓಡಿಸುವವರದಲ್ಲ. ಇನ್ನೊಂದು ದಾಖಲೆ ಘಟ್ಟದ್ದು: ಕೆಳಗಿನಿಂದ ಮೇಲಿನವರೆಗೆ ನೀವು ಎಂದಿನಂತೆ ಹತ್ತುವ ರೀತಿಯಲ್ಲೇ.

ಮೂರನೆಯ ಓಟದ ಕೊನೆಗೂ ಚಾರ್ಜ್ ಗಾಳಿ ಹೊರಗಿನದಕ್ಕಿಂತ 25 ಡಿಗ್ರಿಯೊಳಗೇ ಮೇಲಿದ್ದು, ಟೈಮಿಂಗ್ ಮೊದಲ ಓಟದಷ್ಟೇ ಇದ್ದರೆ ಇಂಟರ್‌ಕೂಲರ್ ತನ್ನ ಕೆಲಸ ಮಾಡುತ್ತಿದೆ. ದೊಡ್ಡದು ಹಾಕಿ ಪ್ರಯೋಜನವಿಲ್ಲ. ಹೊರಗಿನದಕ್ಕಿಂತ 35–40 ಡಿಗ್ರಿ ಮೇಲೆ ಹೋಗಿ ಟೈಮಿಂಗ್ ಓಟದಿಂದ ಓಟಕ್ಕೆ ಮೂರ್ನಾಲ್ಕು ಡಿಗ್ರಿ (ಇದು ಬಿಸಿಯ ಡಿಗ್ರಿಯಲ್ಲ, ಎಂಜಿನ್ ತಿರುಗುವ ಕೋನದ್ದು) ಬೀಳುತ್ತಿದ್ದರೆ ಬಿಸಿಯೇ ಅಡ್ಡಿ. ಆಗಲೂ ಮೊದಲು ಕೊಳ್ಳಬೇಕಾದದ್ದು ಹೊಸ ಇಂಟರ್‌ಕೂಲರ್ ಅಲ್ಲ.

ಹಳೆಯದನ್ನೇ ಸರಿಮಾಡುವ ಕೆಲಸ

ಬಂಪರ್ ಬಿಚ್ಚಿಸಿ ಇಂಟರ್‌ಕೂಲರ್ ಮುಖವನ್ನು ಬೆಳಕಿನಲ್ಲಿ ನೋಡಿ. ಚಿರೆಕಲ್ಲಿನ ಕೆಂಪುಧೂಳು ಮಳೆನೀರಿನಲ್ಲಿ ಕಲಸಿ ಅದರ ತೆಳು ಲೋಹದ ರೆಕ್ಕೆಗಳ (ಫಿನ್) ಸಂದಿನಲ್ಲಿ ಒಣಗಿ ಗಾರೆಯಂತೆ ಕೂತಿರುತ್ತದೆ. ಅದರ ಮೇಲೆ ಹುಳಗಳು, ತರಗೆಲೆ. ಮುಂದಿನ ಚಕ್ರದ ಎದುರಿಗೆ ಪಕ್ಕಕ್ಕೆ ಇಂಟರ್‌ಕೂಲರ್ ಕೂರಿಸಿರುವ ಕಾರುಗಳಲ್ಲಿ ಚಕ್ರ ಎರಚಿದ ಕೆಸರು ಹಿಂಭಾಗದಲ್ಲೂ ಇರುತ್ತದೆ. ಕಾಲುಭಾಗ ಮುಚ್ಚಿದ್ದರೂ ಅಷ್ಟರಮಟ್ಟಿಗೆ ತಂಪು ಕಡಿಮೆಯೇ. ಸೋಪಿನ ನೀರು ಸಿಂಪಡಿಸಿ ಹತ್ತು ನಿಮಿಷ ನೆನೆಯಲು ಬಿಟ್ಟು, ಮಾಮೂಲು ನೀರಿನ ಪೈಪಿನಿಂದ ಹಿಂದಿನಿಂದ ಮುಂದಕ್ಕೆ ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಜೆಟ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಲಗಿಬಿಡುತ್ತವೆ. ಮಲಗಿದ ರೆಕ್ಕೆ ಕೆಸರಿಗಿಂತ ಕೆಟ್ಟದು. ಕಡಲ ಪಕ್ಕದಲ್ಲೇ ಕಾರು ನಿಲ್ಲಿಸುವವರು ಉಪ್ಪಿನಂಶ ಹೋಗಲು ತಿಂಗಳಿಗೊಮ್ಮೆ ಗ್ರಿಲ್ಲಿನ ಮೂಲಕ ಸಿಹಿನೀರು ಹಾಯಿಸುವುದು ಒಳ್ಳೆಯದು. ಅಲ್ಯೂಮಿನಿಯಂ ಬೆಳ್ಳಗೆ ಪುಡಿಪುಡಿಯಾಗಿ ಉದುರುತ್ತಿದ್ದರೆ ಆ ಇಂಟರ್‌ಕೂಲರ್ ಬದಲಿಸಬೇಕಾದದ್ದೇ, ಅದೂ ಕಂಪನಿ ಅಳತೆಯದ್ದರಿಂದ.

ಇಂಟರ್‌ಕೂಲರ್ ಸುತ್ತ ಕಪ್ಪು ಪ್ಲಾಸ್ಟಿಕ್ಕಿನ ಏರ್ ಗೈಡ್‌ಗಳಿರುತ್ತವೆ. ಗ್ರಿಲ್ಲಿನಿಂದ ಬಂದ ಗಾಳಿ ಪಕ್ಕಕ್ಕೆ ಜಾರದೆ ಇಂಟರ್‌ಕೂಲರ್ ಮೂಲಕವೇ ಹಾಯುವಂತೆ ಮಾಡುವುದು ಅವು. ಬಂಪರ್ ರಿಪೇರಿ ಆದ ಕಾರುಗಳಲ್ಲಿ ಇವು ಕಾಣೆಯಾಗಿರುವುದು ತೀರ ಸಾಮಾನ್ಯ. ಇವಿಲ್ಲದೆ ಎಷ್ಟು ದೊಡ್ಡ ಇಂಟರ್‌ಕೂಲರ್ ಹಾಕಿದರೂ ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದ ಹೋಗುತ್ತದೆ. ದೇವಿಮನೆಯ ಮಂಜಿಗೆಂದು ಗ್ರಿಲ್ಲಿನ ಮುಂದೆ ಕಟ್ಟಿಸಿದ ಹೆಚ್ಚುವರಿ ಲೈಟುಗಳೂ ಇದೇ ಹಾನಿ ಮಾಡುತ್ತವೆ. ಹಳೆಯ ಸ್ಕಾರ್ಪಿಯೊ ಎಂಹಾಕ್, 3 ಲೀಟರ್ ಫಾರ್ಚುನರ್‌ಗಳಂತೆ ಎಂಜಿನ್ ಮೇಲೆಯೇ ಇಂಟರ್‌ಕೂಲರ್ ಇದ್ದು ಬಾನೆಟ್ ಸ್ಕೂಪ್‌ನಿಂದ ಗಾಳಿ ಬರುವ ಗಾಡಿಗಳಲ್ಲಿ, ಸ್ಕೂಪಿಗೂ ಇಂಟರ್‌ಕೂಲರ್‌ಗೂ ನಡುವಿನ ರಬ್ಬರ್ ಅಥವಾ ಫೋಮ್ ಪಟ್ಟಿ ಹರಿದಿದೆಯೇ ನೋಡಿ. ಪಟ್ಟಿ ಬದಲಿಸುವುದು ಅರ್ಧ ಗಂಟೆಯ ಕೆಲಸ.

ಆಮೇಲೆ ಸೋರಿಕೆ. ಏರ್ ಫಿಲ್ಟರ್ ಪೈಪನ್ನು ಟರ್ಬೊ ಬಾಯಿಯಿಂದ ಬಿಚ್ಚಿ, ಅಲ್ಲಿಗೆ ಟಯರ್ ವಾಲ್ವ್ ಕೂರಿಸಿದ ಮುಚ್ಚಳವನ್ನು ಕ್ಲಾಂಪ್ ಹಾಕಿ ಬಿಗಿಯಬೇಕು. ಆಯಿಲ್ ಹಾಕುವ ಮುಚ್ಚಳವನ್ನು ತೆಗೆದಿಡಿ, ಇಲ್ಲದಿದ್ದರೆ ಒತ್ತಡ ಎಂಜಿನ್ ಒಳಗೆ ಸೇರಿ ಆಯಿಲ್ ಸೀಲು ಕೆಡಬಹುದು. ಕಂಪ್ರೆಸರ್‌ನಿಂದ ನಿಧಾನವಾಗಿ 10, ಕೊನೆಗೆ 15 ಪಿಎಸ್‌ಐ ತುಂಬಿಸಿ, ಎಲ್ಲ ಹೋಸ್ ಸಂದುಗಳಿಗೂ ಇಂಟರ್‌ಕೂಲರ್‌ನ ಪ್ಲಾಸ್ಟಿಕ್ ತುದಿ ಅಲ್ಯೂಮಿನಿಯಂಗೆ ಸೇರುವ ಮಡಿಕೆಗೂ ಸೋಪುನೀರು ಹಚ್ಚಿ. ನೊರೆ ಉಬ್ಬಿದಲ್ಲಿ ಸೋರಿಕೆ. ಥ್ರಾಟಲ್ ಮುಂದಿನ ಹೋಸಿನ ಒಳಮಗ್ಗುಲ ಸೀಳು ಕೈಗೆ ಸಿಗದು, ಒತ್ತಡದಲ್ಲಿ ಮಾತ್ರ ಬಾಯಿ ಬಿಡುತ್ತದೆ. ಸೋರುವ ಕಾರಿನ ಲಕ್ಷಣಗಳು: ಕಾಲೊತ್ತಿದಾಗ ಸುಯ್ ಎಂಬ ಸದ್ದು, ಪಿ0299 ಎಂಬ ಕಡಿಮೆ ಬೂಸ್ಟ್ ಕೋಡ್, ಡೀಸೆಲ್‌ನಲ್ಲಿ ಕರಿಹೊಗೆ. ಸೋರಿದ್ದನ್ನು ತುಂಬಿಸಲು ಟರ್ಬೊ ಹೆಚ್ಚು ತಿರುಗಿ ಹೆಚ್ಚು ಬಿಸಿ ಮಾಡುತ್ತದೆ. ಹೀಗಾಗಿ ಸೋರಿಕೆಯೊಂದು ಇಂಟರ್‌ಕೂಲರ್ ದೋಷದಂತೆಯೇ ಕಾಣಬಹುದು.

ಇಂಟರ್‌ಕೂಲರ್ ಒಳಗೆ ಆಯಿಲಿನ ತೆಳು ಪೊರೆ ಸಹಜ. ಬಗ್ಗಿಸಿದಾಗ ಅರ್ಧ ಲೋಟ ಸುರಿದರೆ ಟರ್ಬೊ ಸೀಲನ್ನೋ ಎಂಜಿನ್ ಉಸಿರಾಟದ ಪೈಪನ್ನೋ ನೋಡಬೇಕು. ಒಳಗೆ ತೊಳೆದರೆ ಪೂರ್ತಿ ಒಣಗಿಸಿಯೇ ಜೋಡಿಸಬೇಕು. ಡೀಸೆಲ್ ಎಂಜಿನ್ನಿನಲ್ಲಿ ಇದು ಜೀವದ ಪ್ರಶ್ನೆ: ಒಳಗೆ ಉಳಿದ ಸೀಮೆಎಣ್ಣೆಯನ್ನೋ ಆಯಿಲನ್ನೋ ಎಂಜಿನ್ ಇಂಧನದಂತೆ ಉರಿಸಿಕೊಂಡು, ಕೀಲಿ ತೆಗೆದರೂ ನಿಲ್ಲದೆ ಏರುತ್ತಲೇ ಹೋಗಬಹುದು.

ಬಾನೆಟ್ ತೆರೆದಾಗ ಮುಂದಕ್ಕೆ ಹೋಗುವ ದಪ್ಪ ಗಾಳಿಪೈಪುಗಳೇ ಕಾಣದಿದ್ದರೆ ನಿಮ್ಮದು ನೀರಿನಿಂದ ತಣಿಸುವ ಇಂಟರ್‌ಕೂಲರ್ ಇರಬಹುದು, ಮ್ಯಾನಿಫೋಲ್ಡ್ ಒಳಗೇ ಅಥವಾ ಪಕ್ಕದಲ್ಲೇ ಅಡಗಿರುತ್ತದೆ. ಅಂಥದ್ದರಲ್ಲಿ ಬಿಸಿ ಏರಿದರೆ ಮೊದಲು ಅನುಮಾನಿಸಬೇಕಾದ್ದು ಅದರ ಎಲೆಕ್ಟ್ರಿಕ್ ಪಂಪ್, ಕೂಲಂಟ್ ಮಟ್ಟ, ಕೂಲಂಟ್ ಬದಲಿಸಿದಾಗ ಒಳಗೆ ಉಳಿದ ಗಾಳಿಗುಳ್ಳೆ.

ಇಷ್ಟಾದ ಮೇಲೂ ಬೇಕೆನಿಸಿದರೆ

ಮೇಲಿನ ಕೆಲಸ ಮುಗಿಸಿ ಮತ್ತೆ ಅಳೆದರೂ ಹೊರಗಿನದಕ್ಕಿಂತ 35–40 ಡಿಗ್ರಿ ಮೇಲೆ ಹೋಗುತ್ತಿರುವ ಪೆಟ್ರೋಲ್ ಕಾರಿಗೆ, ಅಥವಾ ಮುಂದೆ ರೀಮ್ಯಾಪ್ ಮಾಡಿಸುವುದು ಖಚಿತವಾಗಿದ್ದವರಿಗೆ, ದೊಡ್ಡ ಇಂಟರ್‌ಕೂಲರ್ ಅರ್ಥಪೂರ್ಣ. ರೀಮ್ಯಾಪ್‌ನಲ್ಲಿ ಬೂಸ್ಟ್ 1.3 ಬಾರ್ ಆದರೆ ಟರ್ಬೊದಿಂದ ಬರುವ ಗಾಳಿ 150 ಡಿಗ್ರಿ ದಾಟುತ್ತದೆ, ಕಂಪನಿಯದು ಅಲ್ಲಿ ಸೋಲುತ್ತದೆ.

ಆರಿಸುವಾಗ ಕಂಪನಿ ಜಾಗದಲ್ಲೇ, ಕಂಪನಿ ಬ್ರಾಕೆಟ್ಟಿಗೇ, ಏರ್ ಗೈಡ್ ಕತ್ತರಿಸದೆ ಕೂರುವಂಥದ್ದನ್ನೇ ನೋಡಿ. ಕಂಪನಿಯದಕ್ಕಿಂತ ದಪ್ಪ ಒಂದೂವರೆ ಪಟ್ಟು ಮೀರಬಾರದು. ದಪ್ಪ ಹೆಚ್ಚಿದಂತೆ ಹಿಂದಿನ ಪದರಗಳಿಗೆ ತಾಗುವುದು ಆಗಲೇ ಕಾದ ಗಾಳಿ. ಬಾರ್-ಪ್ಲೇಟ್ ಬಗೆಯದು ಗಟ್ಟಿ, ತೂಕದ್ದು, ರೇಡಿಯೇಟರ್‌ಗೆ ಹೋಗುವ ಗಾಳಿಯನ್ನು ಹೆಚ್ಚು ತಡೆಯುತ್ತದೆ. ಟ್ಯೂಬ್-ಫಿನ್ ಹಗುರ, ಗಾಳಿ ಸಲೀಸಾಗಿ ಬಿಡುತ್ತದೆ, ಕಲ್ಲೇಟಿಗೆ ಮೆದು. ಘಟ್ಟ ಹತ್ತಿಳಿಯುವ ದಿನಬಳಕೆಯ ಕಾರಿಗೆ ನಮ್ಮ ಮತ ಟ್ಯೂಬ್-ಫಿನ್‌ಗೇ. ‘ದೊಡ್ಡದಾದರೆ ಲ್ಯಾಗ್ (ಕಾಲೊತ್ತಿದ ಮೇಲೆ ಬೂಸ್ಟ್ ಬರಲು ಆಗುವ ತಡ) ಜಾಸ್ತಿ’ ಎಂಬ ಹೆದರಿಕೆ ಅತಿಯಾದದ್ದು: ಎರಡು ಮೂರು ಲೀಟರ್ ಹೆಚ್ಚುವರಿ ಜಾಗ ತುಂಬಲು ಬೇಕಾಗುವುದು ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸು.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೆಎ-30 (ಕಾರವಾರ) ಆಗಲಿ ಕೆಎ-31 (ಶಿರಸಿ) ಆಗಲಿ, ಕೆಲಸಕ್ಕೆ ಮುಂಚೆ ಆರ್‌ಟಿಒದಲ್ಲಿ ಕೇಳಿಕೊಳ್ಳಿ, ವಿಮೆ ಕಂಪನಿಗೂ ತಿಳಿಸಿ. ವಾರಂಟಿ ಇರುವ ಕಾರಿನಲ್ಲಿ ಟರ್ಬೊ ಅಥವಾ ಎಂಜಿನ್ ಕೆಟ್ಟರೆ ಮೊದಲ ಬೊಟ್ಟು ಹೊಸ ಇಂಟರ್‌ಕೂಲರ್ ಕಡೆಗೇ ಹೋಗುತ್ತದೆ.

ಹಾಕಿಸುವಾಗ ಹೋಸ್ ತುದಿಗಳಲ್ಲಿ ಆಯಿಲ್ ಇರದಂತೆ ಒರೆಸಬೇಕು. ಜಿಡ್ಡಿದ್ದರೆ ಬೂಸ್ಟ್ ಏರಿದಾಗ ಹೋಸ್ ಜಾರಿ ಕಳಚುತ್ತದೆ. ಸ್ಕ್ರೂ ಕ್ಲಾಂಪಿಗೆ 5 ನ್ಯೂಟನ್-ಮೀಟರ್ ಆಸುಪಾಸು ಸಾಕು, ಹೆಚ್ಚು ಬಿಗಿದರೆ ಪ್ಲಾಸ್ಟಿಕ್ ತುದಿ ಬಿರುಕು ಬಿಡುತ್ತದೆ. ಬಂಪರ್ ಹಾಕುವ ಮುಂಚೆಯೇ 15 ಪಿಎಸ್‌ಐ ಪರೀಕ್ಷೆ ಮತ್ತೊಮ್ಮೆ ಮಾಡಿಸಿ. 200 ಕಿ.ಮೀ. ಓಡಿದ ಮೇಲೆ ಕ್ಲಾಂಪುಗಳನ್ನು ಇನ್ನೊಮ್ಮೆ ನೋಡಬೇಕು, ಬಿಸಿಗೆ ರಬ್ಬರ್ ಕೂತು ಸಡಿಲವಾಗಿರುತ್ತವೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕೆಳಗಿನ ಹೋಸ್ ಬಿಚ್ಚಿ ನೀರು ನಿಂತಿದೆಯೇ ನೋಡಿ.

ಕೊನೆಗೆ ಅದೇ ರಸ್ತೆಯಲ್ಲಿ, ಅದೇ ಹೊತ್ತಿಗೆ, ಹೊರಗಿನ ಉಷ್ಣಾಂಶ ಎರಡು ಮೂರು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿಲ್ಲದ ದಿನ, ಅದೇ ಮೂರು ಓಟ. ಮೂರನೆಯ ಓಟದ ಚಾರ್ಜ್ ಗಾಳಿ ಮೊದಲಿಗಿಂತ 10 ಡಿಗ್ರಿಯಾದರೂ ಇಳಿದು ಟೈಮಿಂಗ್ ನಿಂತಲ್ಲೇ ನಿಂತಿರಬೇಕು. ಕೂಲಂಟ್ ಅಂಕಿ ಏರಿದ್ದರೆ, ಅಥವಾ ಇಳಿಕೆ ಐದು ಡಿಗ್ರಿಯೂ ಇಲ್ಲದಿದ್ದರೆ, ಏರ್ ಗೈಡ್ ಸರಿಯಾಗಿ ಕೂತಿಲ್ಲ ಅಥವಾ ಇಂಟರ್‌ಕೂಲರ್‌ನ ಅಳತೆ ಆ ಕಾರಿಗೆ ಹೊಂದಿಲ್ಲ. ಬಂಪರ್ ಮತ್ತೆ ಬಿಚ್ಚಿಸಿ ನೋಡಬೇಕು.